ಲೆಕ್ಕ ಒಪ್ಪಿಸದವನ ಅಳಿಯನಿಗೂ ಜಾಗವಿಲ್ಲ

ಹೋದ ವರ್ಷ ನಮ್ಮ ಕೇರಿಯ ದೇವಸ್ಥಾನದ ಸಮಿತಿಗೆ ಹೊಸಬರನ್ನು ಆರಿಸಲು ಸಭೆ ಸೇರಿತ್ತು. ಹಿಂದಿನ ಸಮಿತಿಯ ಲೆಕ್ಕ ಕೇಳಿದ ಅಜ್ಜನೊಬ್ಬರಿಗೆ ಸಿಕ್ಕ ಉತ್ತರ ಇಷ್ಟೇ: "ಮೊದ್ಲು ಹೆಸರು ಫೈನಲ್ ಆಗ್ಲಿ ತಾತ, ಲೆಕ್ಕ ಆಮೇಲೆ ನೋಡೋಣ." ಹೆಸರು ಫೈನಲ್ ಆಯಿತು. ಹಳೆಯ ಖಜಾಂಚಿಯ ತಮ್ಮನೇ ಹೊಸ ಖಜಾಂಚಿ. ಲೆಕ್ಕ ಇವತ್ತಿಗೂ ಬಂದಿಲ್ಲ.

ಅವತ್ತು ನನಗೆ ನೆನಪಾಗಿದ್ದು ಓದುವಾಗ ಪರಿಚಯವಾಗಿದ್ದ ಒಂದು ಶಾಸನ. ಅದಕ್ಕೆ ಈಗ 1,100 ವರ್ಷ. ಅದರ ಪ್ರಕಾರ ನಡೆದಿದ್ದರೆ ಆ ತಮ್ಮ ಖಜಾಂಚಿ ಆಗುವುದಿರಲಿ, ಅವನ ಹೆಸರನ್ನು ಚೀಟಿಯಲ್ಲಿ ಬರೆಯುವುದಕ್ಕೂ ಆಗುತ್ತಿರಲಿಲ್ಲ.

ಶಾಸನ ಇರುವುದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿನಲ್ಲಿ, ವೈಕುಂಠ ಪೆರುಮಾಳ್ ದೇವಸ್ಥಾನದ ಗೋಡೆಯ ಮೇಲೆ. ಚೋಳ ದೊರೆ ಒಂದನೇ ಪರಾಂತಕನ ಕಾಲದ್ದು. ಅಲ್ಲಿರುವುದು ಒಂದಲ್ಲ, ಎರಡು ಶಾಸನ. ಮೊದಲನೆಯದು ಸುಮಾರು 919ರದು, ಎರಡನೆಯದು 921ರದು. ಊರಿನ ಸಭೆಯವರು ರಾಜನ ಅಧಿಕಾರಿಯನ್ನು ಜೊತೆಗೆ ಕೂರಿಸಿಕೊಂಡು, ತಮ್ಮ ಸಮಿತಿಗಳಿಗೆ ಜನರನ್ನು ಹೇಗೆ ಆರಿಸಬೇಕು ಎಂದು ಮಾಡಿಕೊಂಡ ಕಟ್ಟುಪಾಡು ಅದು. ಎರಡೇ ವರ್ಷದಲ್ಲಿ ಆ ಕಟ್ಟುಪಾಡನ್ನು ತಿದ್ದಿ, ಇನ್ನಷ್ಟು ಬಿಗಿ ಮಾಡಿ ಮತ್ತೆ ಕೆತ್ತಿಸಿದ್ದಾರೆ. ಕಲ್ಲಿನಲ್ಲಿ ಕೆತ್ತಿಸುವುದು ಹುಡುಗಾಟವಲ್ಲ. ನಡುವೆ ಏನೋ ಕೆಟ್ಟಿರಲೇಬೇಕು ಅಂತ ನನ್ನ ಊಹೆ.

ಊರನ್ನು 30 'ಕುಡುಂಬು'ಗಳಾಗಿ ವಿಂಗಡಿಸಿದ್ದರು. ನಮ್ಮ ಲೆಕ್ಕದಲ್ಲಿ ವಾರ್ಡ್. ವಾರ್ಡಿಗೊಬ್ಬರಂತೆ 30 ಜನ. ಅವರಲ್ಲಿ ಅನುಭವ ಇದ್ದ 12 ಹಿರಿಯರು ವಾರ್ಷಿಕ ಸಮಿತಿಗೆ, 12 ಜನ ತೋಟದ ಸಮಿತಿಗೆ, ಉಳಿದ 6 ಜನ ಕೆರೆ ಸಮಿತಿಗೆ. ಅಧಿಕಾರ 360 ದಿನ ಮಾತ್ರ. ಒಮ್ಮೆ ಸಮಿತಿಯಲ್ಲಿ ಇದ್ದವರು ಮುಂದಿನ 3 ವರ್ಷ ಯಾವ ಸಮಿತಿಗೂ ಬರುವಂತಿಲ್ಲ. ಅವಧಿಯ ನಡುವೆ ತಪ್ಪು ಮಾಡಿ ಸಿಕ್ಕಿಬಿದ್ದರೆ ತಕ್ಷಣ ಮನೆಗೆ.

ಆರಿಸುವ ಪದ್ಧತಿಯ ಹೆಸರು 'ಕುಡವೋಲೈ'. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಕುಡ ಅಂದರೆ ಕೊಡ, ಓಲೈ ಅಂದರೆ ಓಲೆ. ಅರ್ಹರ ಹೆಸರುಗಳನ್ನು ಓಲೆಯ ಚೀಟಿಗಳಲ್ಲಿ ಬರೆದು, ವಾರ್ಡ್‌ವಾರು ಕಟ್ಟು ಕಟ್ಟಿ, ಮೇಲೊಂದು ಗುರುತಿನ ಚೀಟಿ ಇಟ್ಟು ಎಲ್ಲ ಕಟ್ಟುಗಳನ್ನೂ ಕೊಡಕ್ಕೆ ಹಾಕುತ್ತಿದ್ದರು. ಸಭೆಗೆ ಹಿರಿಯರು ಕಿರಿಯರು ಎಲ್ಲರೂ ಬರಬೇಕು. ಆ ದಿನ ಊರಲ್ಲಿರುವ ಅರ್ಚಕರು ಒಬ್ಬರೂ ತಪ್ಪಿಸಿಕೊಳ್ಳದೆ ಸಭೆ ನಡೆಯುವ ಮಂಟಪದಲ್ಲಿ ಕೂರಬೇಕು. ಅವರಲ್ಲಿ ಹಿರಿಯರಾದವರು ಎದ್ದು ನಿಂತು, ಎಲ್ಲರಿಗೂ ಕಾಣುವ ಹಾಗೆ, ಮುಖ ಮೇಲೆತ್ತಿ ಕೊಡವನ್ನು ಎತ್ತಿ ಹಿಡಿಯುತ್ತಾರೆ. ಒಳಗೇನಿದೆ ಎಂದು ಗೊತ್ತಿಲ್ಲದ ಸಣ್ಣ ಹುಡುಗ ಒಂದು ಕಟ್ಟು ತೆಗೆಯುತ್ತಾನೆ. ಆ ಕಟ್ಟಿನ ಚೀಟಿಗಳನ್ನು ಇನ್ನೊಂದು ಖಾಲಿ ಕೊಡಕ್ಕೆ ಸುರಿದು ಕುಲುಕುತ್ತಾರೆ. ಅದರಿಂದ ಹುಡುಗ ಒಂದೇ ಒಂದು ಚೀಟಿ ಎತ್ತಿ ಮಧ್ಯಸ್ಥನ ಕೈಗೆ ಕೊಡುತ್ತಾನೆ.

ಮಧ್ಯಸ್ಥ ಅದನ್ನು ಐದು ಬೆರಳೂ ಅಗಲಿಸಿ, ಬಿಚ್ಚಿದ ಅಂಗೈಯಲ್ಲಿ ತೆಗೆದುಕೊಳ್ಳಬೇಕು. ಅವನು ಹೆಸರು ಓದಿದ ಮೇಲೆ ಅಲ್ಲಿ ಕೂತ ಅರ್ಚಕರೆಲ್ಲ ಅದೇ ಚೀಟಿಯನ್ನು ಓದಬೇಕು.

ಐದು ಬೆರಳು ಯಾಕೆ ಅಗಲಿಸಬೇಕು? ಬೆರಳ ಸಂದಿಯಲ್ಲಿ ಬೇರೆ ಚೀಟಿ ಅಡಗಿಸಿಟ್ಟವರು ಯಾರೋ ಇದ್ದಿರಬೇಕು. ಎಲ್ಲರೂ ಯಾಕೆ ಓದಬೇಕು? ಬರೆದದ್ದೊಂದು ಹೆಸರು, ಕೂಗಿದ್ದೊಂದು ಹೆಸರು ಆಗಿರಬೇಕು. ನಿಯಮಗಳನ್ನು ಹೀಗೆ ಹಿಂದುಮುಂದಾಗಿ ಓದಿದರೆ ಆ ಊರಿನ ಜಗಳಗಳೆಲ್ಲ ಕೇಳಿಸಿದಂತಾಗುತ್ತದೆ.

ಇನ್ನು ಲೆಕ್ಕದ ವಿಷಯ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಬೀಳುವಂತಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಅವನು ತನ್ನ ತಮ್ಮನನ್ನು ನಿಲ್ಲಿಸುತ್ತಿದ್ದ. ಅದಕ್ಕೇ 921ರ ಶಾಸನ ನೆಂಟರ ಪಟ್ಟಿಯನ್ನೇ ಕೊಡುತ್ತದೆ. ಅವನ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಸೋದರತ್ತೆಯ ಮಕ್ಕಳು, ಸೋದರಮಾವ, ಅವರ ಮಕ್ಕಳು, ಚಿಕ್ಕಪ್ಪ ದೊಡ್ಡಪ್ಪ, ಒಡಹುಟ್ಟಿದವರು, ಹೆಣ್ಣು ಕೊಟ್ಟ ಮಾವ, ಹೆಂಡತಿಯ ಅಣ್ಣತಮ್ಮಂದಿರು, ಅಕ್ಕತಂಗಿಯರ ಗಂಡಂದಿರು, ಅವರ ಮಕ್ಕಳು, ಅಳಿಯ, ಅಪ್ಪ, ಮಗ. ಯಾರೂ ಬರುವಂತಿಲ್ಲ. ಲೆಕ್ಕ ಬರೆಯುವವನಿಗೂ ಬಿಡುವಿಲ್ಲ: ತನ್ನ ಅವಧಿಯ ಲೆಕ್ಕ ತೋರಿಸಿ, ಶುದ್ಧ ಎಂದು ಹಿರಿಯರು ಒಪ್ಪುವ ತನಕ ಅವನಿಗೆ ಮತ್ತೆ ಕೆಲಸವಿಲ್ಲ.

ಇದು ಇವತ್ತಿನ ಮತದಾನ ಅಲ್ಲ, ಅದನ್ನು ಮರೆಯಬಾರದು. ಯಾರೂ ಓಟು ಹಾಕಲಿಲ್ಲ, ಅರ್ಹರ ನಡುವೆ ಚೀಟಿ ಎತ್ತಿದರು. ಪಂಚಾಯಿತಿ ಎಲೆಕ್ಷನ್ನಿನಲ್ಲಿ ಇಬ್ಬರಿಗೆ ಸಮ ಓಟು ಬಿದ್ದಾಗ ನಾವು ಈಗಲೂ ಮಾಡುವುದು ಅದನ್ನೇ. ಚೀಟಿಗೆ ಒಂದು ಗುಣವಿದೆ, ಅದನ್ನು ಬಾಡೂಟ ಹಾಕಿಸಿ ಒಲಿಸಿಕೊಳ್ಳಲು ಆಗುವುದಿಲ್ಲ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಓದಿದಾಗ ನನಗೆ ಆ ಹುಡುಗ ನೆನಪಾಗಿದ್ದ.

ಆದರೆ ಕೊಡದೊಳಗೆ ಯಾರ ಹೆಸರು ಬೀಳುತ್ತಿತ್ತು? ಕಂದಾಯ ಕಟ್ಟುವ ಕಾಲು 'ವೇಲಿ'ಗಿಂತ ಹೆಚ್ಚು ಜಮೀನು ಇರಬೇಕು. ಅಂದರೆ ಹೆಚ್ಚುಕಡಿಮೆ ಒಂದೂವರೆ ಎಕರೆ. ಸ್ವಂತ ಜಾಗದಲ್ಲಿ ಕಟ್ಟಿದ ಮನೆ ಇರಬೇಕು. ವಯಸ್ಸು 35 ದಾಟಿರಬೇಕು, 70 ಮುಟ್ಟಿರಬಾರದು. ವೇದ ಓದಿರಬೇಕು. ಉತ್ತರಮೇರೂರು ಬ್ರಾಹ್ಮಣರಿಗೆ ದತ್ತಿ ಬಿಟ್ಟ ಊರು. ಆ ಸಭೆ ಅವರದೇ. ಅವರ ಗದ್ದೆಯಲ್ಲಿ ನಾಟಿ ಹಾಕಿದವರ, ಕೆರೆ ಹೂಳು ಹೊತ್ತವರ ಚೀಟಿ ಆ ಕೊಡದಲ್ಲಿ ಇರಲಿಲ್ಲ.

ಈ ಮಾತು ನಮ್ಮ ಸಂವಿಧಾನ ಸಭೆಯ ತನಕ ಬಂತು. 1948ರ ನವೆಂಬರಿನಲ್ಲಿ ಮದ್ರಾಸಿನ ಟಿ. ಪ್ರಕಾಶಂ ಅವರು ಗ್ರಾಮ ಪಂಚಾಯಿತಿಗಳ ಪರ ಮಾತಾಡುತ್ತ ಉತ್ತರಮೇರೂರಿನ ಶಾಸನವನ್ನು ನೆನಪಿಸಿದರು. ಅದೇ ತಿಂಗಳ ಆರಂಭದಲ್ಲಿ ಅಂಬೇಡ್ಕರ್ ಅವರು, ಹಳ್ಳಿಯನ್ನು ಹೊಗಳುವವರಿಗೆ ಅಲ್ಲಿನ ಅಜ್ಞಾನ, ಸಂಕುಚಿತತೆ ಕಾಣುತ್ತಿಲ್ಲವೇ ಎಂದು ಖಾರವಾಗಿ ಕೇಳಿದ್ದರು. ಕೊನೆಗೆ ಗ್ರಾಮ ಪಂಚಾಯಿತಿ 40ನೇ ವಿಧಿಯಾಗಿ ಸಂವಿಧಾನಕ್ಕೆ ಸೇರಿತು. ಶಾಸನ ಓದಿದ ಮೇಲೆ ಇಬ್ಬರ ಮಾತೂ ನಿಜ ಅನ್ನಿಸುತ್ತದೆ.

ನೆಂಟರ ಆ ಉದ್ದ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಳಿಯ ಇದ್ದಾನೆ, ಭಾವಮೈದ ಇದ್ದಾನೆ, ಹೆಂಡತಿ ಇಲ್ಲ. ಅವಳನ್ನು ತಡೆಯುವ ಅಗತ್ಯವೇ ಬಂದಿರಲಿಲ್ಲ, ಹೆಂಗಸರ ಹೆಸರು ಕೊಡಕ್ಕೆ ಬೀಳುತ್ತಲೇ ಇರಲಿಲ್ಲವಲ್ಲ. ಕರ್ನಾಟಕದಲ್ಲಿ 1983ರ ಕಾಯ್ದೆ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ, 1987ರಲ್ಲಿ, ಆ ಚುನಾವಣೆ ನಡೆಯಿತು. ಈಗ ಅರ್ಧದಷ್ಟು ಸ್ಥಾನ ಅವರದು. ಮೀಸಲು ಬಂದ ವಾರ್ಡಿನಲ್ಲಿ ಹೆಂಡತಿಯನ್ನು ನಿಲ್ಲಿಸಿ, ಪಂಚಾಯಿತಿ ಆಫೀಸಿನಲ್ಲಿ ತಾನು ಕೂರುವ ಗಂಡಸರನ್ನು ನೀವೂ ನೋಡಿರುತ್ತೀರಿ. ಉತ್ತರಮೇರೂರಿನವರು ಈಗ ಶಾಸನ ಬರೆಸಿದ್ದರೆ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತಿತ್ತೇನೋ.

ನಮ್ಮ ಕೇರಿಯ ಸಮಿತಿಯ ಮುಂದಿನ ಸಭೆ ಯುಗಾದಿ ಕಳೆದ ಮೇಲೆ. ಈ ಸಲವೂ ಲೆಕ್ಕ ಕೇಳುತ್ತೇನೆ ಅಂದಿದ್ದಾರೆ ಆ ಅಜ್ಜ. ನೆಂಟರ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಅವರ ಮೊಮ್ಮಗಳ ವಾಟ್ಸಾಪಿಗೆ ಕಳಿಸಿದ್ದೇನೆ.