ಖೋಲಿ ಬಾಡಿಗೆಯ ಕಥೆ: ಪ್ರಸಾದ ನಿಲಯದಿಂದ ವಿದ್ಯಾಸಿರಿಯವರೆಗೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟಿಕೋಟಾ ಕಡೆಯಿಂದ ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಆಕೆಗೆ ವಿಜಯಪುರದ ಕಾಲೇಜಿನಲ್ಲಿ ಪ್ರವೇಶ ದೊರೆತಿದೆ. ಆದರೆ ಸರ್ಕಾರಿ ವಸತಿನಿಲಯದ ಪಟ್ಟಿಯಲ್ಲಿ ಹೆಸರು ಬಂದಿಲ್ಲ. ಚಹಾ ಕುಡಿಯುತ್ತ ಅವನು ಕೇಳಿದ: "ಗುರುಗಳ, ಬಾಡಿಗಿ ರೊಕ್ಕ ಸರಕಾರ ಕೊಡತೈತಿ ಅಂತಾರ್ರಿ. ಆದ್ರ ಖೋಲಿ ಯಾರ ಕೊಡ್ತಾರ್ರಿ?" ಅವನು ಹೋದ ಮೇಲೂ ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೊಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ನನ್ನದೊಂದು ತಪ್ಪೂ ಇದೆ. ಎರಡನ್ನೂ ಇಲ್ಲಿ ಬರೆದಿಡುತ್ತೇನೆ.

ನಮ್ಮ ಭಾಗದಲ್ಲಿ ಹಳ್ಳಿಯ ಹುಡುಗ ಪಟ್ಟಣದಲ್ಲಿ ಓದಬೇಕಾದರೆ ಮೊದಲ ತೊಡಕು ಪುಸ್ತಕದ್ದಲ್ಲ, ರಾತ್ರಿ ಮಲಗುವ ಜಾಗದ್ದು. ಇದನ್ನು ಮೊದಲೇ ಕಂಡುಕೊಂಡವರಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರು ಪ್ರಮುಖರು. 1901ರಿಂದ ಮುಂದೆ ಅವರ ಆಶ್ರಯದಲ್ಲಿ ಅಲ್ಲಿ ಒಂದೊಂದು ಸಮಾಜದ ಮಕ್ಕಳಿಗೂ ಬೋರ್ಡಿಂಗುಗಳು ಎದ್ದು ನಿಂತವು. 1925ರ ಜನವರಿಯಲ್ಲಿ ನಮ್ಮ ನೆರೆಯ ಸೊಲ್ಲಾಪುರದಲ್ಲಿ ಡಾ. ಅಂಬೇಡ್ಕರರ ಬಹಿಷ್ಕೃತ ಹಿತಕಾರಿಣಿ ಸಭೆಯು ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹವನ್ನು ತೆರೆಯಿತು. ಕರ್ನಾಟಕದ ಮಠಗಳು ಪ್ರಸಾದ ನಿಲಯಗಳನ್ನು ನಡೆಸಿ ಸಾವಿರಾರು ಮಕ್ಕಳಿಗೆ ಅನ್ನ, ಆಸರೆ ನೀಡಿದವು. ಜಾತಿಗೊಂದು ಬೋರ್ಡಿಂಗು ಏಕೆ ಎಂದು ಇಂದಿನವರು ಕೇಳುವುದುಂಟು. ಅಂದು ಪಟ್ಟಣದ ಮನೆಗಳ ಬಾಗಿಲುಗಳೂ ಜಾತಿಯನ್ನು ನೋಡಿಯೇ ತೆರೆಯುತ್ತಿದ್ದವು ಎಂಬುದನ್ನು ನೆನೆದರೆ ಉತ್ತರ ತಾನೇ ಹೊಳೆಯುತ್ತದೆ.

ಮುಂದೆ ಈ ಹೊಣೆಯನ್ನು ಸರ್ಕಾರ ವಹಿಸಿಕೊಂಡಿತು. ದೇವರಾಜ ಅರಸರ ಕಾಲದಲ್ಲಿ ಎಲ್. ಜಿ. ಹಾವನೂರ ಆಯೋಗವು 1975ರಲ್ಲಿ ವರದಿ ಸಲ್ಲಿಸಿತು. 1977ರಲ್ಲಿ ಹಿಂದುಳಿದ ವರ್ಗಗಳಿಗಾಗಿ ಪ್ರತ್ಯೇಕ ಇಲಾಖೆಯೇ ರೂಪುಗೊಂಡಿತು. ಸರ್ಕಾರಿ ವಸತಿನಿಲಯಗಳು ಹೆಚ್ಚಿದವು. ಆದರೂ ಓದಲು ಬರುವ ಮಕ್ಕಳ ಸಂಖ್ಯೆ ಅದಕ್ಕಿಂತ ವೇಗವಾಗಿ ಬೆಳೆಯಿತು. ಸ್ಥಳ ಸಿಗದವರು ನಾಲ್ಕು ಜನ ಕೂಡಿ ಖೋಲಿ ಹಿಡಿಯುತ್ತಿದ್ದರು. ಊರಿನಿಂದ ಬಸ್ಸಿನಲ್ಲಿ ಬರುವ ರೊಟ್ಟಿಯ ಬುತ್ತಿಗಾಗಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಈ ಬರಹ ಓದುತ್ತಿರುವ ನಿಮ್ಮಲ್ಲಿ ಅನೇಕರು ಹಾಗೆಯೇ ಓದಿದವರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಾನು ಸರ್ಕಾರಿ ನೌಕರಿಯಲ್ಲಿದ್ದಾಗ ಪ್ರತಿ ತಿಂಗಳೂ ಸಂಬಳದೊಡನೆ ಮನೆಬಾಡಿಗೆ ಭತ್ಯೆ ಪಡೆಯುತ್ತಿದ್ದೆ. ಸರ್ಕಾರಿ ವಸತಿಗೃಹ ಸಿಕ್ಕವನಿಗೆ ಭತ್ಯೆ ಇಲ್ಲ, ಸಿಗದವನಿಗೆ ಉಂಟು. ಊರು ದೊಡ್ಡದಾದಷ್ಟು ದರವೂ ಹೆಚ್ಚು. ನೌಕರರ ವಿಷಯದಲ್ಲಿ ಸರ್ಕಾರ ಎಂದೋ ಒಪ್ಪಿದ್ದ ಈ ನ್ಯಾಯ ವಿದ್ಯಾರ್ಥಿಗಳ ಪಾಲಿಗೆ ಬಂದದ್ದು 2013-14ರಲ್ಲಿ, ವಿದ್ಯಾಸಿರಿ ಯೋಜನೆಯ ಮೂಲಕ. ವಸತಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ ನಿಗದಿಯಾಯಿತು. ಬೆಂಗಳೂರಿಗೂ ವಿಜಯಪುರಕ್ಕೂ ಒಂದೇ ದರ. ಮಹಾರಾಷ್ಟ್ರವು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ 2016-17ರಲ್ಲಿ ಆರಂಭಿಸಿದ ಸ್ವಾಧಾರ ಯೋಜನೆಯಲ್ಲಿ ಊರಿಗೆ ತಕ್ಕ ದರವನ್ನಿಟ್ಟಿತು: ಮುಂಬಯಿ, ಪುಣೆಗಳಲ್ಲಿ ವರ್ಷಕ್ಕೆ 60,000, ಚಿಕ್ಕ ಊರುಗಳಲ್ಲಿ 43,000 ರೂಪಾಯಿ. ನೌಕರರ ಭತ್ಯೆಯ ತತ್ತ್ವಕ್ಕೆ ಇದು ಹೆಚ್ಚು ಸಮೀಪ.

ಹಣ ಬಂದಿತು, ಒಳ್ಳೆಯದೇ ಆಯಿತು. ಆದರೆ ವಸತಿನಿಲಯ ಕೊಡುತ್ತಿದ್ದ ಒಂದು ವಸ್ತುವನ್ನು ಹಣ ಕೊಡಲಾರದು. ಅದೇ ನನ್ನ ಶಿಷ್ಯನ ಪ್ರಶ್ನೆ. ಅಮೇರಿಕದಲ್ಲಿಯೂ ಇದೇ ಅನುಭವವಾಗಿದೆ. ಬಡವರಿಗೆ ಸರ್ಕಾರವೇ ಮನೆ ಕಟ್ಟಿಸಿಕೊಡುವುದರ ಬದಲು ಖಾಸಗಿ ಮನೆಗಳ ಬಾಡಿಗೆಗೆ ನೆರವಾಗುವ ಕಾನೂನನ್ನು ಅವರು 1974ರಲ್ಲಿ ಮಾಡಿದರು. ಆದರೂ ಇಂಥ ನೆರವು ಪಡೆಯುವವರಿಗೆ ಮನೆ ಕೊಡುವುದಿಲ್ಲ ಎನ್ನುವ ಮಾಲೀಕರನ್ನು ಕೆಲವು ರಾಜ್ಯಗಳು ಮಾತ್ರ ಕಾನೂನಿನಿಂದ ತಡೆದಿವೆ.

ಈಗ ನನ್ನ ತಪ್ಪಿನ ಮಾತು. ಸುಮಾರು ನಲವತ್ತು ವರ್ಷಗಳ ಹಿಂದೆ ನಮ್ಮ ಮನೆಯ ಹಿತ್ತಲಲ್ಲಿ ಒಂದು ಖೋಲಿ ಖಾಲಿ ಇತ್ತು. ಬಬಲೇಶ್ವರದ ಕಡೆಯ ಒಬ್ಬ ರೈತರು ಮಗನೊಡನೆ ಬಂದು, ಆರು ತಿಂಗಳ ಬಾಡಿಗೆಯನ್ನು ಧೋತರದ ತುದಿಯಿಂದ ಬಿಚ್ಚಿ ಮುಂದೆ ಇಟ್ಟರು. ಒಳಗಿನಿಂದ ನಮ್ಮ ತಾಯಿಯವರು "ಯಾವ ಮಂದಿ ಅಂತ ಕೇಳಪಾ" ಎಂದರು. ನಾನು ಕೇಳಿದೆ. ಅವರು ಹೇಳಿದರು. ನಾನು, "ಖೋಲಿ ಆಗಲೇ ಬೇರೆಯವರಿಗೆ ಮಾತು ಕೊಟ್ಟೀವ್ರಿ" ಎಂದೆ. ಅವರು ದುಡ್ಡನ್ನು ಮತ್ತೆ ಗಂಟು ಕಟ್ಟಿಕೊಂಡು, ನಮಸ್ಕಾರ ಮಾಡಿ ಹೋದರು. ಆ ಹುಡುಗ ವರ್ಷವಿಡೀ ಬಸ್ಸಿನಲ್ಲಿ ಓಡಾಡಿದ. ಮರುವರ್ಷ ತರಗತಿಯಲ್ಲಿ ಕಾಣಲಿಲ್ಲ. ತರಗತಿಯಲ್ಲಿ ಬಸವಣ್ಣನವರನ್ನು ಬೋಧಿಸುತ್ತಿದ್ದವನು ನಾನೇ. ತಾಯಿಯವರ ಮೇಲೆ ಹೊರಿಸಿ ನಾನು ಪಾರಾಗಲಾರೆ. ಸುಳ್ಳು ಹೇಳಿದ ಬಾಯಿ ನನ್ನದು. ಅವರ ಬಳಿ ಹಣವಿರಲಿಲ್ಲವೆಂದು ಹೇಳುವಂತಿಲ್ಲ. ಹಣ ನನ್ನ ಕಣ್ಣ ಮುಂದೆಯೇ ಇತ್ತು.

ಕಾಲ ಬದಲಾಗಿದೆ. 2018ರಲ್ಲಿ ಟಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾದವು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅನೇಕ ಹೆಣ್ಣುಮಕ್ಕಳು ಬಸ್ಸಿಗೆ ಹಣ ಕೊಡದೆ ಓಡಾಡಿ ಓದುತ್ತಿದ್ದಾರೆ. ಟಿಕೋಟಾದಿಂದ ಬರುವ ಅಥಣಿ ರಸ್ತೆಯಲ್ಲಿಯೇ, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಆದರೆ ಬಸ್ಸಿನ ದಾರಿಯಿಂದ ಒಳಗಿರುವ ಹಳ್ಳಿ, ತೋಟದ ವಸ್ತಿಗಳ ಮಕ್ಕಳಿಗೆ, ಸಂಜೆಯವರೆಗೆ ಪ್ರಯೋಗಾಲಯದಲ್ಲಿ ನಿಲ್ಲಬೇಕಾದವರಿಗೆ, ಪಟ್ಟಣದಲ್ಲಿ ಒಂದು ಖೋಲಿ ಇಂದಿಗೂ ಬೇಕು.

ನನ್ನ ಶಿಷ್ಯನ ಮಗಳು ಈಗ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಇನ್ನೊಬ್ಬ ಹುಡುಗಿಯೊಡನೆ ಇದ್ದಾಳೆ. ಇದನ್ನು ದೊಡ್ಡಸ್ತಿಕೆಗಾಗಿ ಹೇಳುತ್ತಿಲ್ಲ. ಅವಳ ಮನೆತನ ನನಗೆ ಮೊದಲೇ ಗೊತ್ತಿತ್ತು, ಕೇಳುವ ಪ್ರಸಂಗವೇ ಬರಲಿಲ್ಲ. ಆದರೆ ಜೊತೆಗೆ ಬಂದ ಹುಡುಗಿಯ ಮನೆತನ ಗೊತ್ತಿರಲಿಲ್ಲ. ಆ ಹಳೆಯ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಈ ಸಲ ನುಂಗಿಕೊಂಡು, "ಊಟ ಆಗೇದೇನವಾ?" ಎಂದು ಕೇಳಿದೆ.

ವಿಜಯಪುರದಲ್ಲಿ ಮನೆ ಕಟ್ಟಿಸಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಖಾಲಿ ಖೋಲಿಗಳಿದ್ದರೆ, ಓದುವ ಮಕ್ಕಳು ಬಂದಾಗ ಯಾವ ಕಾಲೇಜು, ಯಾವ ತರಗತಿ ಎಂದು ಅವಶ್ಯವಾಗಿ ಕೇಳಿರಿ. ಅಷ್ಟಕ್ಕೇ ನಿಲ್ಲಿಸಿರಿ.