ಬಯಲಿನ ಚಿತ್ರ: ಹಿಮದ ನಾಡಿನಿಂದ ಬಾದಾಮಿಗೆ



ಹಿಮ ಬೀಳುವ ದೇಶಗಳಲ್ಲಿ ಚಿತ್ರಕಾರರು ಹಿಮದ ನಡುವೆಯೇ ನಿಂತು ಚಿತ್ರ ಬರೆಯುವುದುಂಟು. ಫ್ರಾನ್ಸಿನ ಕ್ಲೋದ್ ಮೋನೆ 1868-69ರ ಚಳಿಗಾಲದಲ್ಲಿ ಬೇಲಿಯ ಮೇಲೆ ಕುಳಿತ ಹಕ್ಕಿಯೊಂದನ್ನೂ, ಹಿಮದ ಮೇಲೆ ಬಿದ್ದ ನೀಲಿಯ ನೆರಳುಗಳನ್ನೂ ಚಿತ್ರಿಸಿದನು. ಅಲ್ಲಿ ಬೆರಳುಗಳು ಮರಗಟ್ಟುವುವು. ನೀರಿನ ಬಣ್ಣ ಕುಂಚದಲ್ಲಿಯೇ ಹೆಪ್ಪುಗಟ್ಟುವುದು. ಆದರೆ ಆ ಕಷ್ಟವು ಕೆಲವು ಗಂಟೆಗಳದು. ಬರೆದು ಮುಗಿದ ಪಟವನ್ನು ಚಿತ್ರಕಾರನು ಮನೆಯೊಳಕ್ಕೆ ಕೊಂಡೊಯ್ಯಬಲ್ಲನು.

ಹಿಮವನ್ನೇ ಕಾಣದ ನಮ್ಮ ಬಾದಾಮಿಯಲ್ಲಿ ಹೀಗೆ ಒಳಕ್ಕೆ ಒಯ್ಯಲಾಗದ ಚಿತ್ರಗಳಿವೆ. ಊರಿನ ಸಮೀಪದ ಸಿಡಿಲಪಡಿಯೆಂಬ ಬಂಡೆಯ ಆಶ್ರಯದಲ್ಲಿ ಇತಿಹಾಸಪೂರ್ವಕಾಲದ ಜನರು ಬಣ್ಣದಿಂದ ಆಕೃತಿಗಳನ್ನು ಬರೆದರು. ಅವಕ್ಕೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಮೇಲೆ ಚಾಚಿದ ಬಂಡೆಯೊಂದೇ ನೆರಳು.

ಅದೇ ಊರಿನಲ್ಲಿ, ಅಗಸ್ತ್ಯತೀರ್ಥದ ದಕ್ಷಿಣದ ಬೆಟ್ಟದಲ್ಲಿ, ಮೂರನೆಯ ಗುಹೆಯುಂಟು. ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಶಕ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ಅವನ ತಮ್ಮನಾದ ಮಂಗಲೇಶನು ಇದನ್ನು ವಿಷ್ಣುವಿಗೆ ಅರ್ಪಿಸಿದನೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ಕಾಲವು ನಿಶ್ಚಿತವಾಗಿರುವ ದೇವಾಲಯದಲ್ಲಿ ಅಷ್ಟು ಹಳೆಯ ಚಿತ್ರಗಳು ಉಳಿದಿರುವುದು ಅಪರೂಪ. ಮರಳುಗಲ್ಲಿನ ಮೇಲೆ ತೆಳುವಾದ ಲೇಪವನ್ನು ಕೊಟ್ಟು ಅದರ ಮೇಲೆ ಬಣ್ಣ ಹಾಕಿದರು. ಗುಹೆಯ ಮುಂಭಾಗದಲ್ಲಿ ಹೊರಚಾಚಿದ ಕಪೋತದ ಒಳಮೈಯಲ್ಲಿ ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಒಂದೆಡೆ ಪರಿವಾರಸಹಿತನಾಗಿ ಕುಳಿತು ನೃತ್ಯಗೀತಗಳನ್ನು ನೋಡುವ ರಾಜಪುರುಷನಿದ್ದಾನೆ. ಅವನು ದೇವೇಂದ್ರನೋ, ಕೀರ್ತಿವರ್ಮನೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ.

ಅಜಂತೆಯ ಚಿತ್ರಗಳಲ್ಲಿ ಬಹುಭಾಗವು ಗುಹೆಗಳ ಒಳಗಿನ ಕತ್ತಲೆಯಲ್ಲಿ ಉಳಿಯಿತು. ಬಾದಾಮಿಯ ಈ ಚಿತ್ರಗಳಾದರೋ ಗುಹೆಯ ಹೊರ ಅಂಚಿನಲ್ಲಿವೆ. ಬೇಸಗೆಯ ಬಿಸಿಗಾಳಿ, ಮಳೆಗಾಲದ ತೇವ, ಧೂಳು ಇವೆಲ್ಲವೂ ಸಾವಿರದ ನಾನೂರು ವರ್ಷಗಳಿಂದ ಅವನ್ನು ಮುಟ್ಟುತ್ತಲೇ ಬಂದಿವೆ. ಲೇಪವು ಬಂಡೆಯಿಂದ ಬಿಟ್ಟುಕೊಂಡರೆ ಅದರೊಡನೆ ಬಣ್ಣವೂ ಉದುರುವುದು. ಉದುರಿದ ಮುಖವನ್ನು ಮರಳಿ ಪಡೆಯುವ ಉಪಾಯವಿಲ್ಲ. 1936ರಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಈ ಚಿತ್ರಗಳ ವಿಷಯವಾಗಿ ಬರೆದು ಪಂಡಿತರ ಗಮನವನ್ನು ಇತ್ತ ಸೆಳೆದರು. ಆ ವೇಳೆಗಾಗಲೇ ಬಹುಭಾಗವು ನಷ್ಟವಾಗಿತ್ತು.

ಇಲ್ಲಿ ಮತ್ತೊಂದು ಮಾತು. ಅದೇ ಗುಹೆಯ ಬಳಿಯಿರುವ ಮಂಗಲೇಶನ ಕನ್ನಡ ಶಾಸನವು ದೇವರಿಗೆ ಹೂಮಾಲೆ ಕಟ್ಟುವವರಿಗೆ ಕೊಟ್ಟ ದತ್ತಿಯನ್ನು ನೆನೆಯುತ್ತದೆ. ಗುಹೆಯ ಅರ್ಪಣೆಯನ್ನು ಸಾರುವ ಶಾಸನವು ಅರಸರನ್ನು ಹೊಗಳುತ್ತದೆ. ಕಪೋತದ ಕೆಳಗೆ ಕತ್ತೆತ್ತಿ ಬಣ್ಣ ಹಚ್ಚಿದವನ ಹೆಸರನ್ನು ಇವೆರಡೂ ಹೇಳುವುದಿಲ್ಲ. ಅವನಿಗೆ ಉಳಿದಿರುವ ಶಾಸನವೆಂದರೆ ಆ ಬಣ್ಣವೇ.

ಆದಕಾರಣ ಬಾದಾಮಿಗೆ ಹೋದಾಗ ಶಿಲ್ಪಗಳನ್ನು ನೋಡಿ ಹಿಂದಿರುಗದೆ, ಮೂರನೆಯ ಗುಹೆಯ ಮುಂದೆ ನಿಂತು ತಲೆಯೆತ್ತಿ ನೋಡಿರಿ. ಮೊದಲು ಕಲೆಯಷ್ಟೇ ಕಾಣುವುದು. ಕಣ್ಣು ಪಳಗಿದಂತೆ ಒಂದು ಕೈ, ಒಂದು ಮುಖ ಮೂಡುವುವು. ಅವನ್ನು ಮುಟ್ಟದೆ ಬನ್ನಿರಿ. ನಿಮ್ಮ ಮಕ್ಕಳೂ ನೋಡಬೇಕಾಗಿದೆ.