ಕೊಯಮತ್ತೂರಿನ ಹುಡುಗನ ಐದು ಪಾಯಿಂಟು

ನಮ್ಮ ಪಾಪಿರೆಡ್ಡಿಪಟ್ಟಿಯಿಂದ ಮಂಜವಾಡಿ ಕಣಿವೆ ಇಳಿದರೆ ಸೇಲಂ. ಅಲ್ಲಿಂದ ಈರೋಡಿನ ಕಡೆ ತಿರುಗಿ ಮೂರು ಗಂಟೆ ಬಸ್ಸಿನಲ್ಲಿ ಕೂತರೆ ಕೊಯಮತ್ತೂರು. ಆ ಊರೆಂದರೆ ನಮ್ಮ ಮಕ್ಕಳಿಗೆ ಹತ್ತಿಗಿರಣಿ, ಪಂಪ್‌ಸೆಟ್ಟು, ವೆಟ್ ಗ್ರೈಂಡರ್ ನೆನಪಾಗುತ್ತವೆ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ಬೆಳೆದದ್ದೂ ಅಲ್ಲೇ ಎಂಬುದು ಎಷ್ಟು ಜನಕ್ಕೆ ಗೊತ್ತು? ಅವರೇ ನರೇನ್ ಕಾರ್ತಿಕೇಯನ್. ಕನ್ನಡದವರಲ್ಲದಿದ್ದರೂ ನಮ್ಮ ಸೀಮೆಯವರು. ಹಾಗಾಗಿ ಅವರ ಕತೆ ನಮ್ಮ ಶಾಲೆಗಳಲ್ಲೂ ಹೇಳಬೇಕಾದದ್ದು ಎಂದು ನನ್ನ ಅನಿಸಿಕೆ.

ನರೇನ್ ಹುಟ್ಟಿದ್ದು 1977ರ ಜನವರಿ 14ರಂದು, ಸಂಕ್ರಾಂತಿಯ ಹೊತ್ತಿಗೆ. ತಂದೆ ಜಿ.ಆರ್. ಕಾರ್ತಿಕೇಯನ್ ಹೆಸರಾಂತ ರ‍್ಯಾಲಿ ಚಾಲಕರು, ಸೌತ್ ಇಂಡಿಯಾ ರ‍್ಯಾಲಿಯನ್ನು ಏಳು ಸಲ ಗೆದ್ದವರು. ರ‍್ಯಾಲಿ ಎಂದರೆ ಟ್ರ್ಯಾಕಿನಲ್ಲಿ ಸುತ್ತುವುದಲ್ಲ. ಹಳ್ಳಿ ರಸ್ತೆ, ಮಣ್ಣು ದಾರಿ, ಘಾಟಿಗಳಲ್ಲಿ ಗಡಿಯಾರದ ವಿರುದ್ಧ ಕಾರು ಓಡಿಸುವುದು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಕಾರಿನ ಮಾತೇ ಇದ್ದಿರಬೇಕು ಎಂದು ಊಹಿಸಿಕೊಳ್ಳಬಹುದು.

ಊರಿನ ಗುಣವೂ ಸೇರಿಕೊಂಡಿತು. ಕಬ್ಬಿಣ ಎರಕ ಹೊಯ್ಯುವವರು, ಲೇತ್ ಮೇಲೆ ಕೆಲಸ ಮಾಡುವವರು ಬೀದಿ ಬೀದಿಯಲ್ಲೂ ಇರುವ ಊರು ಅದು. ಅಲ್ಲಿಯ ಎಸ್. ಕರಿವರ್ಧನ್ ಎಂಬುವರು ಮಾರುತಿ 800ರ ಪುಟ್ಟ ಇಂಜಿನ್ ಇಟ್ಟು, ಒಬ್ಬರೇ ಕೂರುವ ರೇಸ್ ಕಾರು ಮಾಡಿದರು. ಇದೇ ಫಾರ್ಮುಲಾ ಮಾರುತಿ. ಹೊರದೇಶದ ಕಾರು ತರಿಸಲು ಆಗದವರಿಗೂ ರೇಸಿನ ಬಾಗಿಲು ಸ್ವಲ್ಪ ತೆರೆದದ್ದು ಇದರಿಂದ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು.

ನರೇನ್ ಮೊದಲ ರೇಸ್ ಓಡಿಸಿದ್ದು ಇಂಥ ಫಾರ್ಮುಲಾ ಮಾರುತಿಯಲ್ಲೇ, ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ. ಮೊದಲ ಸಲವೇ ಮೊದಲ ಮೂರರಲ್ಲಿ ಬಂದರು! 1992ರಲ್ಲಿ, ನಮ್ಮ ಹತ್ತನೇ ತರಗತಿ ಮಕ್ಕಳ ವಯಸ್ಸಿನಲ್ಲಿ, ಫ್ರಾನ್ಸಿನ ವಿನ್‌ಫೀಲ್ಡ್ ರೇಸಿಂಗ್ ಶಾಲೆಗೆ ಹೋದರು. 1994ರಲ್ಲಿ ಇಂಗ್ಲೆಂಡಿನ ಫಾರ್ಮುಲಾ ಫೋರ್ಡ್ ಚಳಿಗಾಲದ ಸರಣಿ ಗೆದ್ದರು. 1996ರಲ್ಲಿ ಫಾರ್ಮುಲಾ ಏಷ್ಯಾ ಚಾಂಪಿಯನ್ ಆದರು. ಆಮೇಲೆ ಬ್ರಿಟಿಷ್ ಫಾರ್ಮುಲಾ ತ್ರೀ. 2001ರ ಜೂನ್ 14ರಂದು ಸಿಲ್ವರ್‌ಸ್ಟೋನಿನಲ್ಲಿ ಜಾಗ್ವಾರ್ ತಂಡದ ಕಾರಿನಲ್ಲಿ ಕೂತಾಗ, ಫಾರ್ಮುಲಾ ಒನ್ ಕಾರು ಓಡಿಸಿದ ಮೊದಲ ಭಾರತೀಯ ಎನಿಸಿಕೊಂಡರು. ಆದರೆ ಅದು ಪರೀಕ್ಷಾ ಓಟ ಮಾತ್ರ. ನಿಜವಾದ ರೇಸಿಗೆ ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು.

ಯಾಕೆ ಇಷ್ಟು ಕಾಯಬೇಕು? ಗೆಳೆಯರೇ, ಈ ಆಟದಲ್ಲಿ ಕೈಚಳಕ ಒಂದೇ ಸಾಲದು. ಟೈರು, ಪೆಟ್ರೋಲು, ಮೆಕ್ಯಾನಿಕ್ಕು, ವಿದೇಶದಲ್ಲಿ ವಾಸ, ಎಲ್ಲಕ್ಕೂ ದುಡ್ಡು ಬೇಕು. ಮನೆಯವರಿಂದ ಒಂದು ಹಂತದವರೆಗೆ ಆಗುತ್ತದೆ, ಅದರಾಚೆ ಪ್ರಾಯೋಜಕರು ಬೇಕೇ ಬೇಕು. ನರೇನ್ ಬೆನ್ನಿಗೆ ಟಾಟಾದಂಥ ಸಂಸ್ಥೆಗಳು ನಿಂತವು. 2005ರ ಮಾರ್ಚ್ 6ರಂದು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಜೋರ್ಡಾನ್ ತಂಡದ ಹಳದಿ ಕಾರಿನಲ್ಲಿ ಮೊದಲ ರೇಸ್. ಹೊರಟಿದ್ದು 12ನೇ ಜಾಗದಿಂದ, ಮುಗಿಸಿದ್ದು 15ನೆಯವರಾಗಿ.

ಅದೇ ವರ್ಷ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದದ್ದು ವಿಚಿತ್ರ. ಅಭ್ಯಾಸದ ದಿನ ರಾಲ್ಫ್ ಶುಮಾಕರ್ ಅವರ ಕಾರಿನ ಟೈರು ವೇಗದ ತಿರುವಿನಲ್ಲಿ ಕೈಕೊಟ್ಟು ಅಪಘಾತವಾಯಿತು. ಆ ತಿರುವಿನಲ್ಲಿ ತಮ್ಮ ಟೈರು ಸುರಕ್ಷಿತವಲ್ಲ ಎಂದು ಮಿಷೆಲಿನ್ ಕಂಪನಿಯೇ ಹೇಳಿತು. ತಿರುವನ್ನು ಬದಲಾಯಿಸುವ ಮಾತು ಮುರಿದುಬಿತ್ತು. ಮಿಷೆಲಿನ್ ಟೈರಿನ 14 ಕಾರುಗಳು ರೇಸ್ ಶುರುವಾಗುವ ಮೊದಲೇ ಒಳಗೆ ಹೋದವು. ಉಳಿದದ್ದು ಬ್ರಿಜ್‌ಸ್ಟೋನ್ ಟೈರಿನ ಆರೇ ಕಾರು. ಮೈಕಲ್ ಶುಮಾಕರ್ ಮೊದಲು, ನರೇನ್ ನಾಲ್ಕನೆಯವರು. ಸಿಕ್ಕಿದ್ದು 5 ಪಾಯಿಂಟು. ಫಾರ್ಮುಲಾ ಒನ್‌ನಲ್ಲಿ ಭಾರತೀಯ ಚಾಲಕರೊಬ್ಬರು ಪಡೆದ ಪಾಯಿಂಟು ಇಂದಿಗೂ ಇವಿಷ್ಟೇ.

'ಆರು ಜನರಲ್ಲಿ ನಾಲ್ಕನೆಯವನಾಗುವುದು ಏನು ಮಹಾ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಆದರೆ ಆ ಹದಿನಾಲ್ಕು ಕಾರು ನಿಲ್ಲಿಸಿದ್ದು ನರೇನ್ ಅಲ್ಲ. ತನ್ನ ಪಾಲಿಗೆ ಬಂದ ಕಾರನ್ನು ಕೊನೆಯ ಸುತ್ತಿನವರೆಗೆ ಸರಿಯಾಗಿ ಓಡಿಸುವುದು ಚಾಲಕನ ಕೆಲಸ, ಅದನ್ನು ಅವರು ಮಾಡಿದರು. ಇನ್ನೊಂದು ಮಾತು. ಅವರ ಲೆಕ್ಕವನ್ನು ಆ ಒಂದೇ ದಿನಕ್ಕೆ ನಿಲ್ಲಿಸುವುದೂ ನ್ಯಾಯವಲ್ಲ. 2006 ಮತ್ತು 2007ರಲ್ಲಿ ವಿಲಿಯಮ್ಸ್ ತಂಡದ ಪರೀಕ್ಷಾ ಚಾಲಕರಾಗಿದ್ದರು. 2007ರ ಡಿಸೆಂಬರಿನಲ್ಲಿ ಚೀನಾದ ಝುಹಾಯ್‌ನಲ್ಲಿ ಎ1 ಗ್ರ್ಯಾಂಡ್ ಪ್ರಿ ರೇಸನ್ನು ಭಾರತದ ತಂಡಕ್ಕೆ ಗೆದ್ದುಕೊಟ್ಟರು. 2010ರಲ್ಲಿ ಪದ್ಮಶ್ರೀ ಬಂತು. 2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದಲ್ಲಿ ಮೊದಲ ಇಂಡಿಯನ್ ಗ್ರ್ಯಾಂಡ್ ಪ್ರಿ ನಡೆದಾಗ, ತವರಿನ ಜನರ ಮುಂದೆ ಎಚ್‌ಆರ್‌ಟಿ ಎಂಬ ಸಣ್ಣ ತಂಡದ ನಿಧಾನದ ಕಾರಿನಲ್ಲಿ 17ನೆಯವರಾದರು. 2012ರ ಕೊನೆಗೆ ಆ ತಂಡವೇ ಮುಚ್ಚಿತು. ಅವರು ಸುಮ್ಮನೆ ಕೂರಲಿಲ್ಲ, ಜಪಾನಿಗೆ ಹೋದರು. 2019ರ ನವೆಂಬರಿನಲ್ಲಿ, 42ನೇ ವಯಸ್ಸಿನಲ್ಲಿ, ಫುಜಿ ಟ್ರ್ಯಾಕಿನಲ್ಲಿ ಜಪಾನ್, ಜರ್ಮನಿಯ ಚಾಲಕರ ನಡುವೆ ಹೋಂಡಾ ಕಾರಿನಲ್ಲಿ ಗೆದ್ದರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಫಾರ್ಮುಲಾ ಒನ್ ರೇಸಿನಲ್ಲಿ ಓಡಿದ ಭಾರತೀಯರು ಇಬ್ಬರೇ. ಎರಡನೆಯವರು ಚೆನ್ನೈನ ಕರುಣ್ ಚಂಧೋಕ್, 2010ರಲ್ಲಿ. ಅವರ ತಂದೆ ವಿಕ್ಕಿ ಚಂಧೋಕ್ ರ‍್ಯಾಲಿ ಚಾಲಕರು, ತಾತ ಇಂದು ಚಂಧೋಕ್ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದವರಲ್ಲಿ ಒಬ್ಬರು. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದಿರ ತಂದೆ ಗೌತಮ್ ಮೈನಿ ಕೂಡ ರೇಸ್ ಓಡಿಸಿದವರು. ಕುಶ್ 2025ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ ಫಾರ್ಮುಲಾ ಟೂ ರೇಸ್ ಗೆದ್ದರು. ನೋಡಿ, ಎಲ್ಲೆಲ್ಲೂ ಅಪ್ಪನ ದಾರಿ ಮಗನಿಗೆ!

ಹಾಗಾದರೆ ಅಪ್ಪ ಟ್ರ್ಯಾಕ್ಟರ್ ಓಡಿಸುವ, ಲಾರಿ ಓಡಿಸುವ ಮನೆಯ ಮಗುವಿಗೆ? ಸುಳ್ಳು ಧೈರ್ಯ ಹೇಳಲಾರೆ, ಈ ಆಟದ ಬಾಗಿಲು ಕಿರಿದು. ಆದರೆ ಕಾರ್ತಿಕೇಯನ್ ಮನೆತನ ಕೊಟ್ಟದ್ದು ದುಡ್ಡು ಮಾತ್ರವಲ್ಲ. ಹೀಗೊಂದು ಕೆಲಸ ಇದೆ, ನಮ್ಮವರೂ ಮಾಡಬಹುದು ಎಂಬ ತಿಳಿವಳಿಕೆಯನ್ನೂ ಕೊಟ್ಟಿತು. ದುಡ್ಡು ಕೊಡಲು ನಮ್ಮ ಶಾಲೆಗಳಿಗೆ ಆಗದು, ತಿಳಿವಳಿಕೆ ಕೊಡಲು ಆಗುತ್ತದೆ. ಒಂದು ರೇಸ್ ಕಾರಿನ ಹಿಂದೆ ಇಂಜಿನಿಯರು, ಎರಕದವರು, ಟೈರು ಬಲ್ಲವರು, ಲೆಕ್ಕ ಬಲ್ಲವರು ಎಷ್ಟೋ ಮಂದಿ ಇರುತ್ತಾರೆ. ಕರಿವರ್ಧನ್ ಮಾಡಿದ್ದು ಅಂಥ ಕೆಲಸವೇ. ಏಳನೇ ತರಗತಿಯಲ್ಲಿ ವೇಗ, ದೂರ, ಕಾಲದ ಲೆಕ್ಕ ಹೇಳಿಕೊಡುವಾಗ ರೈಲಿನ ಉದಾಹರಣೆ ಒಂದು ದಿನ ಬಿಟ್ಟು, ಕೊಯಮತ್ತೂರಿನ ಈ ಕಾರಿನ ಉದಾಹರಣೆ ಕೊಟ್ಟು ನೋಡಿ ಮೇಷ್ಟ್ರೇ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.